ಶುಕ್ರವಾರ ಏಳಕ್ಕೇ ಎದ್ದವರು

ತಲೆ ಕಣ್ಣಿಗೆ ಕಾಣದೆ ಹೆಸರಿನ ಮುಂದೆ ಟಿಕ್ ಹಾಕುವುದಿಲ್ಲ ಎಂಬುದು ಪೂವಕ್ಕನ ಹಟ. ದೋಹಾದ ಭಾರತೀಯ ಶಾಲೆಯೊಂದರ ಬಸ್ಸಿನಲ್ಲಿ ಇಪ್ಪತ್ತೊಂದು ವರ್ಷದಿಂದ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದ್ದು. ಬಸ್ಸು ಹೊರಡುವ ಮೊದಲು ಒಮ್ಮೆ, ಶಾಲೆಯ ಗೇಟಿನಲ್ಲಿ ಒಮ್ಮೆ, ಮಕ್ಕಳೆಲ್ಲ ಇಳಿದ ಮೇಲೆ ಖಾಲಿ ಸೀಟುಗಳ ಕೆಳಗೆ ಬಗ್ಗಿ ನೋಡುತ್ತಾ ಇನ್ನೊಮ್ಮೆ ಅವಳು ಪಟ್ಟಿ ಓದುತ್ತಾಳೆ. "ಅವ ಬಂದಿದ್ದಾನೆ ಆಂಟಿ, ಹಿಂದೆ ಮಲಗಿದ್ದಾನೆ" ಎಂದು ಉಳಿದ ಮಕ್ಕಳು ಸಾಕ್ಷಿ ಹೇಳಿದರೂ ಒಪ್ಪುವವಳಲ್ಲ. ಎಬ್ಬಿಸಿ, ಮುಖ ನೋಡಿ, ಹೆಸರು ಕರೆದು, ಆಮೇಲೆ ಕೆಂಪು ಪೆನ್ನು. ಈ ಊರಿನ ಬಿಸಿಲಿನಲ್ಲಿ ಮುಚ್ಚಿದ ಬಸ್ಸಿನೊಳಗೆ ಒಂದು ಮಗು ಉಳಿದುಹೋದರೆ ಏನಾಗುತ್ತದೆಂದು ಗೊತ್ತಿದ್ದವರು ಯಾರೂ ಅವಳ ಹಟಕ್ಕೆ ನಗುವುದಿಲ್ಲ.

ಇಂಥ ಪೂವಕ್ಕ ಚುನಾವಣೆಗೆ ನಿಂತು ಹತ್ತೊಂಬತ್ತು ಮತದಿಂದ ಸೋತಳು.

ಚುನಾವಣೆ ನಡೆದದ್ದು ದೋಹಾದ ಕರಾವಳಿ ಕೂಟಕ್ಕೆ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳೆಲ್ಲ ಸೇರಿದ ಸಂಘ. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬಾರದ ಕಾರಣ ಸಭೆ ಮಾತ್ರ ಕನ್ನಡದಲ್ಲಿ. ಇಷ್ಟು ವರ್ಷ ಅಧ್ಯಕ್ಷರ ಆಯ್ಕೆ ಬಿರಿಯಾನಿಯ ಪ್ಲೇಟಿನ ಮೇಲೇ ಮುಗಿದುಹೋಗುತ್ತಿತ್ತು. ಯಾರಾದರೂ ಒಬ್ಬರ ಹೆಸರು ಹೇಳುವುದು, ಉಳಿದವರು ಕೈ ಎತ್ತುವುದು, ಶಾಲು ಹೊದಿಸುವುದು, ಖಲಾಸ್. ಈ ಸಲ ಪೂವಕ್ಕ "ನಾನೂ ನಿಲ್ತೇನೆ" ಎಂದು ಎದ್ದು ನಿಂತದ್ದರಿಂದ ಊಟ ಸ್ವಲ್ಪ ತಣ್ಣಗಾಯಿತು.

ಅವಳು ನಿಂತದ್ದಕ್ಕೆ ಕಾರಣ ಇಂಡಸ್ಟ್ರಿಯಲ್ ಏರಿಯಾದ ಲೇಬರ್ ಕ್ಯಾಂಪು. ಎರಡು ವರ್ಷದ ಹಿಂದೆ ಬಸ್ಸಿನ ಡ್ರೈವರಿಗೆ ಜ್ವರವೆಂದು ನೋಡಲು ಹೋಗಿದ್ದಾಗ ಮೇಲಿನ ಕೋಣೆಯಲ್ಲಿ ಮೀನು ಸಾರಿಗೆ ಹುಳಿ ಹೆಚ್ಚಾಯಿತೆಂದು ಇಬ್ಬರು ತುಳುವಿನಲ್ಲಿ ಜಗಳಾಡುವುದು ಕೇಳಿಸಿತು. ಹತ್ತಿ ನೋಡಿದರೆ ಒಬ್ಬಿಬ್ಬರಲ್ಲ, ನಲವತ್ತೆಂಟು ಮಂದಿ. ಹತ್ತು ಹದಿನೈದು ವರ್ಷದಿಂದ ಇದೇ ದೋಹಾದಲ್ಲಿದ್ದಾರೆ, ಕರಾವಳಿ ಕೂಟ ಎಂಬುದೊಂದಿದೆ ಎಂದೇ ಅವರಿಗೆ ಗೊತ್ತಿಲ್ಲ. ಕೂಟಕ್ಕೂ ಅವರು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಅವಸರವೂ ಇರಲಿಲ್ಲ. ಪೂವಕ್ಕ ಶುಕ್ರವಾರ ಶುಕ್ರವಾರ ಹೋಗಿ, ಅರ್ಜಿ ತುಂಬಿಸಿ, ಫೋಟೋ ಅಂಟಿಸಿ, ನಲವತ್ತೆಂಟು ಮಂದಿಯನ್ನೂ ಸದಸ್ಯರನ್ನಾಗಿ ಮಾಡಿದಳು. ಅವರಿಗೂ ಒಂದು ವಾರ್ಷಿಕೋತ್ಸವ, ಒಂದು ಪಿಕ್ನಿಕ್ಕು, ಕಾಯಿಲೆ ಬಿದ್ದರೆ ಕೇಳುವವರೊಬ್ಬರು ಇರಬೇಕು ಎಂಬುದೇ ಅವಳ ಪ್ರಣಾಳಿಕೆ.

ಎದುರಾಳಿ ಯಜ್ಞೇಶ್. ಟೈಲ್ಸ್ ವ್ಯಾಪಾರಿ, ಮಾತಿನಲ್ಲಿ ಮೃದು, ಫೋಟೋದಲ್ಲಿ ಚಂದ. ಅವನ ಹಿಂದೆ ದುಬೈಯ ಭಾವ. ಈ ಭಾವನನ್ನು ಗಲ್ಫಿನ ಕರಾವಳಿಯವರೆಲ್ಲ 'ಧಣಿ' ಎಂದೇ ಕರೆಯುವುದು. ಮಸ್ಕತ್, ಬಹರೈನ್, ಕುವೈತ್, ಎಲ್ಲಿ ನಮ್ಮವರ ಸಂಘವಿದೆಯೋ ಅಲ್ಲೆಲ್ಲ ವೇದಿಕೆಯ ಮೇಲೆ ಧಣಿಯ ಆಳೆತ್ತರದ ಚಿತ್ರ, ಕೆಳಗೆ 'ಮಹಾಪೋಷಕರು' ಎಂಬ ಅಕ್ಷರ. ದೋಹಾ ಒಂದು ಬಾಕಿ ಇತ್ತು. ಒಬ್ಬ ಮನುಷ್ಯನಿಗೆ ತನ್ನ ಮುಖವನ್ನು ಎಷ್ಟು ಗೋಡೆಯ ಮೇಲೆ ನೋಡಿದರೆ ತೃಪ್ತಿಯಾಗುತ್ತದೋ ದೇವರೇ ಬಲ್ಲ.

ಮತದಾನ ಫೋನಿನಲ್ಲಿ. ಶುಕ್ರವಾರ ಬೆಳಿಗ್ಗೆ ಎಂಟರಿಂದ ಸಂಜೆ ಎಂಟರವರೆಗೆ. ಸದಸ್ಯರ ವಾಟ್ಸ್ಆ್ಯಪ್ ನಂಬರಿಗೆ ಹಿಂದಿನ ರಾತ್ರಿಯೇ ಒಂದು ಗುಟ್ಟಿನ ಅಂಕಿ ಬರುತ್ತದೆ, ಅದನ್ನು ಒತ್ತಿದರೆ ಮತಪತ್ರ ತೆರೆಯುತ್ತದೆ. ಚುನಾವಣಾಧಿಕಾರಿ ಮೈಸೂರಿನ ವೆಂಕಟರಾಮು ಅವರು. ಕಂಪನಿಯೊಂದರಲ್ಲಿ ಗುಣಮಟ್ಟ ನೋಡುವ ಹಿರಿಯ ಅಧಿಕಾರಿ. ಅವರಿಗೆ ತುಳು ಬಾರದು, ಆದ್ದರಿಂದ ಪಕ್ಷಪಾತ ಮಾಡಲೂ ಬಾರದು ಎಂಬ ನಂಬಿಕೆಯ ಮೇಲೆ ಎರಡೂ ಕಡೆಯವರು ಅವರನ್ನು ಒಪ್ಪಿದ್ದರು.

ಫಲಿತಾಂಶ ಬಂದ ರಾತ್ರಿ ಪೂವಕ್ಕ ಸೋಲನ್ನು ನುಂಗಿಕೊಂಡು ಯಜ್ಞೇಶನಿಗೆ ಅಭಿನಂದನೆ ಕಳಿಸಿದಳು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಫೋನಿನಲ್ಲಿ ಎಲ್ಲರ ಸ್ಟೇಟಸ್ ನೋಡುತ್ತಿದ್ದಾಗ ಕೃತಿಕ್‌ನದ್ದು ಕಂಡಿತು. ಕೃತಿಕ್ ಎಂಟು ವರ್ಷ ಅವಳ ಬಸ್ಸಿನಲ್ಲಿ ಶಾಲೆಗೆ ಹೋದ ಹುಡುಗ. ಓದು ಮುಗಿಸಿ ಮೂರು ವರ್ಷದಿಂದ ದುಬೈಯಲ್ಲಿ ಧಣಿಯ ಆಫೀಸಿನಲ್ಲಿ ಕೆಲಸ. ಸ್ಟೇಟಸ್ಸಿನಲ್ಲಿ ಅವನ ಫೋನಿನ ಪರದೆ: 'ನಿಮ್ಮ ಮತ ದಾಖಲಾಗಿದೆ, ಕರಾವಳಿ ಕೂಟ, ದೋಹಾ.' ಕೆಳಗೆ ಇಂಗ್ಲಿಷಿನಲ್ಲಿ, ಧಣಿಗಾಗಿ ಮಾಡಿದೆ ಎಂದು. ಅವಳು ಕನ್ನಡಕ ಒರೆಸಿ ಮತ್ತೆ ನೋಡುವಷ್ಟರಲ್ಲಿ ಅದು ಮಾಯ.

ಇಲ್ಲೊಂದು ವಿಷಯ ಹೇಳಬೇಕು. ಕೂಟದವರು ದೋಹಾ ಬಿಟ್ಟು ಹೋಗುವವರಿಗೆಲ್ಲ ಶಾಲು, ಹಣ್ಣಿನ ಬುಟ್ಟಿ, ಭಾಷಣ, ಕಣ್ಣೀರು ಸಮೇತ ಬೀಳ್ಕೊಡುಗೆ ಮಾಡುತ್ತಾರೆ. ಆದರೆ ಹೋದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದಿಲ್ಲ. ಬದುಕಿರುವವರ ಹೆಸರಿನ ಮೇಲೆ ಗೆರೆ ಎಳೆಯುವುದು ಅಪಶಕುನ ಎಂದು ಹಿರಿಯರೊಬ್ಬರು ಯಾವಾಗಲೋ ಹೇಳಿದ್ದರು. ಸದಸ್ಯರ ಸಂಖ್ಯೆ ದೊಡ್ಡದಾಗಿ ಕಾಣುತ್ತದೆಂದು ಉಳಿದವರೂ ಸುಮ್ಮನಿದ್ದರು. ಕತಾರಿನಲ್ಲಿ ವಾಸವಿದ್ದು ಇಲ್ಲಿನ ಐಡಿ ಇದ್ದವರಿಗೆ ಮಾತ್ರ ಮತ ಎಂದು ಬೈಲಾದಲ್ಲಿ ಬರೆದಿದೆ, ಸರಿ. ಆದರೆ ಹೋದವರ ಹಳೆಯ ದೋಹಾ ನಂಬರು ವಾಟ್ಸ್ಆ್ಯಪಿನಲ್ಲಿ ಹಾಗೇ ಇರುತ್ತದೆ, ಗುಟ್ಟಿನ ಅಂಕಿ ಅಲ್ಲಿಗೂ ಹೋಗುತ್ತದೆ.

ಪೂವಕ್ಕ ಕೂಟದ ಗುಂಪಿನಲ್ಲಿ ಬರೆದಳು: 'ಕತಾರಿನಲ್ಲಿ ಇಲ್ಲದವರು ವೋಟು ಹಾಕಿದ್ದಾರೆ. ನಮ್ಮ ಚುನಾವಣೆಯಲ್ಲಿ ಹೊರದೇಶದ ಕೈವಾಡ ಉಂಟು. ತನಿಖೆ ಆಗ್ಬೇಕು.'

ಮೊದಲ ಉತ್ತರ ಕಾರ್ಯದರ್ಶಿ ಕೆನೆತ್‌ನದ್ದು. ಅವನು ಯಜ್ಞೇಶನ ಬಲಗೈ. 'ಅಕ್ಕಾ, ನಾವೇ ಇಲ್ಲಿ ಹೊರದೇಶದವರು. ನಮಗೆ ಇನ್ನು ಯಾವ ಹೊರದೇಶ?' ಹಿಂದೆಯೇ ಬಿದ್ದು ಬಿದ್ದು ನಗುವ ಹಳದಿ ಮುಖಗಳ ಸಾಲು. ಆಮೇಲೆ ಗುಂಪಿನಲ್ಲಿ ಎರಡು ದಿನ ಯಾರಿಗೂ ಬೇರೆ ಕೆಲಸವಿರಲಿಲ್ಲ. ತನಿಖೆ ಮಾಡಿದರೆ ಕೂಟದ ಮಾನ ಹೋಗುತ್ತದೆ ಎಂದರು ಕೆಲವರು. ಮಾಡದಿದ್ದರೆ ಹೋಗುತ್ತದೆ ಎಂದರು ಇನ್ನು ಕೆಲವರು. ತನಿಖೆ ಬೇಕು, ಆದರೆ ವಾರ್ಷಿಕೋತ್ಸವ ಕಳೆಯಲಿ ಎಂದವರು ಇದ್ದರು. ದುಬೈಯವರು ನಮ್ಮ ರಕ್ತ ಅಲ್ಲವಾ ಎಂದು ಒಬ್ಬರು ರಕ್ತ ಸಂಬಂಧಕ್ಕೇ ಕೈ ಹಾಕಿದರು. ಸೋತವರ ಅಳು ಎಂಬ ಮಾತಂತೂ ದಿನಕ್ಕೆ ಹತ್ತು ಸಲ ಬಂತು. ಸಾಕ್ಷಿ ಎಲ್ಲಿ ಎಂದು ಕೇಳಿದಾಗ ಪೂವಕ್ಕ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಸ್ಟೇಟಸ್ಸಿನ ಚಿತ್ರ ಹಿಡಿದಿಟ್ಟುಕೊಳ್ಳುವ ವಿದ್ಯೆ ಅವಳಿಗೆ ಬಾರದು. ಕೃತಿಕ್‌ನ ಹೆಸರು ಹೇಳಿದರೆ ಆ ಹುಡುಗನ ಕೆಲಸ ಹೋದೀತೆಂಬ ಅಂಜಿಕೆ ಬೇರೆ.

ಮೂರನೆಯ ದಿನ ಕೆನೆತ್ ಆಟದ ದಿಕ್ಕು ತಿರುಗಿಸಿದ. 'ತನಿಖೆ ಬೇಕಾ? ಮಾಡುವ. ಕ್ಯಾಂಪಿನಿಂದ ನಲವತ್ತೆಂಟು ವೋಟು, ಎಲ್ಲ ಒಂದೇ ವೈಫೈಯಿಂದ, ಒಂದೇ ಗಂಟೆಯಲ್ಲಿ ಬಿದ್ದಿದೆ ಅಂತ ಕ್ಯಾಂಪಿನವರೇ ಹೇಳುದು ಕೇಳಿದ್ದೇನೆ. ಯಾರೋ ಒಬ್ಬರು ಕೂತು ಒತ್ತಿದ ಹಾಗೆ. ಮೊದಲು ಅದನ್ನು ನೋಡುವ.' ಸಮಿತಿ ಸೇರಿತು, ಮೂರು ಮಂದಿಯ ತನಿಖಾ ತಂಡ ಆಯಿತು. ತಂಡ ನೋಡಬೇಕಾದದ್ದು ಕ್ಯಾಂಪಿನ ಮತಗಳನ್ನು ಮಾತ್ರ. ಎರಡು ವಾರದ ನಂತರ ಮಹಾಸಭೆಯಲ್ಲಿ ವರದಿ, ಸಂಶಯ ನಿಜವೆನಿಸಿದರೆ ಆ ನಲವತ್ತೆಂಟು ಮಂದಿಯ ಸದಸ್ಯತ್ವವೇ ರದ್ದು.

ಪೂವಕ್ಕ ಆ ರಾತ್ರಿ ನಲವತ್ತೆಂಟು ಹೆಸರಿನ ಪಟ್ಟಿ ತೆಗೆದು ನೋಡಿದಳು. ತಾನು ಅಧ್ಯಕ್ಷೆಯಾಗದಿದ್ದರೆ ಕತ್ತೆ ಬಾಲ ಹೋಯಿತು. ಆದರೆ ತನ್ನ ಮಾತನ್ನು ನಂಬಿ ಅರ್ಜಿ ತುಂಬಿದವರ ಹೆಸರು ತನ್ನಿಂದಲೇ ಅಳಿಸಿಹೋದರೆ, ಆ ಮೆಟ್ಟಿಲು ಹತ್ತಿ ಅವರ ಮುಖ ನೋಡುವುದು ಹೇಗೆ?

ಮುಂದಿನ ಶುಕ್ರವಾರ ಅವಳು ಕ್ಯಾಂಪಿಗೆ ಹೋದಾಗ ತನಿಯ ಬಾಗಿಲಲ್ಲೇ ಕಾಯುತ್ತಿದ್ದ. ಕಾರ್ಕಳದ ಕಡೆಯವನು, ದೊಡ್ಡ ಕಟ್ಟಡಗಳಿಗೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಮೇಸ್ತ್ರಿ. ಮಾತು ತುಳುವಿನಲ್ಲೇ ನಡೆಯಿತು; ಓದುವವರಿಗಾಗಿ ಇಲ್ಲಿ ಕನ್ನಡದಲ್ಲಿ.

"ಅಕ್ಕ, ತನಿಖೆಯವರು ಬಂದಿದ್ರು. ಯಾರು ಒತ್ತಿಸಿದ್ದು, ಎಷ್ಟು ಕೊಟ್ರು ಅಂತ ಕೇಳಿದ್ರು. ನಾವೇ ಒತ್ತಿದ್ದು ಅಂದೆ, ನಗಾಡಿದ್ರು. ಡ್ಯೂಟಿ ಬಿಟ್ಟು ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಒತ್ತಿದ್ದಲ್ವಾ? ಇಲ್ಲಿ ಇರುವುದು ಒಂದೇ ವೈಫೈ." ಅವನು ತಲೆ ಕೆರೆದುಕೊಂಡ. "ಮತ್ತೆ ಅಕ್ಕ, ನಾನೊಂದು ತಪ್ಪು ಮಾಡಿದ್ದೇನೆ. ಅವರಿಗೆ ಹೇಳ್ಲಿಲ್ಲ."

"ಎಂತ ತಪ್ಪು?"

"ಆ ದಿನ ಓವರ್‌ಟೈಮ್ ಇತ್ತು. ಆರೂವರೆಗೆ ಸೈಟಿನ ಬಸ್ಸು. ಅಲ್ಲಿಗೆ ಹೋದ ಮೇಲೆ ಫೋನ್ ಮುಟ್ಲಿಕ್ಕೆ ಬಿಡುದಿಲ್ಲ. ಹಾಗೆ ಆರೂ ಹತ್ತಕ್ಕೇ ಒಮ್ಮೆ ಒತ್ತಿ ನೋಡಿದೆ. 'ಮತದಾನ ಇನ್ನೂ ಆರಂಭವಾಗಿಲ್ಲ, ನಿಮ್ಮ ಪ್ರಯತ್ನವನ್ನು ದಾಖಲಿಸಲಾಗಿದೆ' ಅಂತ ಬಂತು. ಸಂಜೆ ಬಂದು ಮತ್ತೆ ಒತ್ತಿದೆ. ಎರಡು ಸಲ ಒತ್ತಿದ್ದು ಕಳ್ಳತನ ಆಗ್ತದಾ?"

"ಮಳ್ಳ, ಅದೆಂತ ಕಳ್ಳತನ!"

ತನಿಯ ನಗಲಿಲ್ಲ. "ಊರಲ್ಲಿ ಸಂಘದ ಕಾರ್ಯಕ್ರಮ ಅಂದ್ರೆ ನಮ್ಮನ್ನು ಕರೀತಿದ್ದದ್ದು ಕುರ್ಚಿ ಹಾಕ್ಲಿಕ್ಕೆ, ಆಮೇಲೆ ಕುರ್ಚಿ ತೆಗೀಲಿಕ್ಕೆ. ಪಟ್ಟಿಯಲ್ಲಿ ಹೆಸರು ಅಂತ ಬಂದದ್ದು ಇದೇ ಮೊದಲು. ಮನೆಗೆ ಫೋಟೋ ತೆಗೆದು ಕಳ್ಸಿದ್ದೇನೆ. ಈಗ ಅದನ್ನು ಅಳಿಸ್ತಾರಾ ಅಕ್ಕ?"

"ಅಳಿಸ್ಲಿಕ್ಕೆ ನಾನು ಬಿಟ್ರೆ ತಾನೇ" ಎಂದಳು ಪೂವಕ್ಕ. ಹೇಗೆ ತಡೆಯುವುದೆಂದು ಅವಳಿಗೆ ಆಗ ಎಳ್ಳಷ್ಟೂ ಗೊತ್ತಿರಲಿಲ್ಲ.

ಗೊತ್ತಾದದ್ದು ಹಿಂದಿರುಗುವ ದಾರಿಯಲ್ಲಿ. ಬಸ್ಸಿನ ಕಿಟಕಿಗೆ ತಲೆ ಒರಗಿಸಿದವಳಿಗೆ ತನಿಯ ಹೇಳಿದ ಆ ಸಾಲು ಮತ್ತೆ ಕೇಳಿಸಿತು: ನಿಮ್ಮ ಪ್ರಯತ್ನವನ್ನು ದಾಖಲಿಸಲಾಗಿದೆ. ಹಾಗಾದರೆ ಬಾಗಿಲು ತೆರೆಯುವ ಮೊದಲು ತಟ್ಟಿದವರೆಲ್ಲರ ಪಟ್ಟಿ ಎಲ್ಲೋ ಇರಬೇಕು. ಅಲ್ ಗರಾಫಾದ ತನ್ನ ಕೋಣೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ವೆಂಕಟರಾಮು ಅವರಿಗೆ ಫೋನು ಹಚ್ಚಿದಳು.

"ಅಭ್ಯರ್ಥಿಗೆ ಪಟ್ಟಿ ಕೊಡಕ್ಕಾಗಲ್ಲ ಕಣಮ್ಮ, ಅದು ನಿಯಮ" ಎಂದರು ಅವರು.

"ನನಗೆ ಕೊಡುದು ಬೇಡ ಸರ್. ನೀವು ನೋಡಿ. ಎಂಟು ಗಂಟೆಯ ಮೊದಲು ಯಾರೆಲ್ಲ ಒತ್ತಿದ್ದಾರೆ, ಅಷ್ಟೇ."

ಅರ್ಧ ಗಂಟೆ ಬಿಟ್ಟು ಅವರೇ ಕರೆ ಮಾಡಿದರು. ದನಿ ಬದಲಾಗಿತ್ತು. "ಆರೂ ಹತ್ತಕ್ಕೆ ಒಬ್ಬರು. ಆಮೇಲೆ ಯಾರೂ ಇಲ್ಲ. ಆಮೇಲೆ ಏಳಕ್ಕೆ ಸರಿಯಾಗಿ ಶುರುವಾಗಿ ಏಳೂ ಐದರೊಳಗೆ ಅರವತ್ತೆಂಟು ಜನ! ಎಲ್ಲರಿಗೂ 'ಇನ್ನೂ ಆರಂಭವಾಗಿಲ್ಲ' ಅಂತ ಹೋಗಿದೆ. ಅದೇ ಅರವತ್ತೆಂಟು ಜನ ಎಂಟಾದ್ಮೇಲೆ ಮತ್ತೆ ಬಂದು ಹಾಕಿದಾರೆ. ಏನಮ್ಮ ಇದು, ನಿಮ್ಮೋರಿಗೆ ಇಷ್ಟೊಂದು ಉತ್ಸಾಹವೇ?"

ಪೂವಕ್ಕನಿಗೆ ನಗು ತಡೆಯಲಾಗಲಿಲ್ಲ. ದೋಹಾದಲ್ಲಿ ವಾರದ ರಜೆ ಶುಕ್ರವಾರ. ವಾರವಿಡೀ ನಾಲ್ಕು ಗಂಟೆಗೆ ಏಳುವ ಅವಳೇ ಶುಕ್ರವಾರ ಒಂಬತ್ತಕ್ಕೆ ಮುಂಚೆ ಕಣ್ಣು ಬಿಡುವುದಿಲ್ಲ. ಕೂಟದ ಕ್ರಿಕೆಟ್ ಪಂದ್ಯವನ್ನು ಶುಕ್ರವಾರ ಎಂಟಕ್ಕೆ ಇಟ್ಟರೆ ಹನ್ನೊಂದು ಆಟಗಾರರು ಕೂಡುವಾಗ ಹತ್ತು ದಾಟುತ್ತದೆ. ಅಂಥವರಲ್ಲಿ ಅರವತ್ತೆಂಟು ಮಂದಿ ಏಳಕ್ಕೆ ಎದ್ದು, ಗಡಿಯಾರ ನೋಡಿ, ಒಟ್ಟಿಗೆ ಒತ್ತಿದರೆ?

ಅವರು ಏಳಕ್ಕೆ ಒತ್ತಿದ್ದೇ ಅಲ್ಲ. ಅವರ ಗಡಿಯಾರದಲ್ಲಿ ಆಗ ಎಂಟು ಗಂಟೆ.

"ಸರ್," ಎಂದಳು ಅವಳು, "ದುಬೈ ನಮಗಿಂತ ಒಂದು ಗಂಟೆ ಮುಂದೆ. ಮತ್ತೆ ಅಲ್ಲಿ ಶುಕ್ರವಾರ ಅರ್ಧ ದಿನ ಆಫೀಸು ಉಂಟು. ಎಂಟಕ್ಕೆ ಸರಿಯಾಗಿ ಒತ್ತಿ ಕೆಲಸಕ್ಕೆ ಬನ್ನಿ ಅಂತ ಯಾರೋ ಹೇಳಿರ್ಬೇಕು. ಇವರು ಅವರ ಎಂಟಕ್ಕೆ ಒತ್ತಿದ್ದಾರೆ!"

"ಇದು ಅನುಮಾನಕ್ಕೆ ಸಾಕು, ಸಾಕ್ಷಿಗೆ ಸಾಲದು ಕಣಮ್ಮ" ಎಂದರು ವೆಂಕಟರಾಮು. "ಅರವತ್ತೆಂಟು ಜನಕ್ಕೂ ಐಡಿ ಕಾರ್ಡಿನ ಪ್ರತಿ ಕಳಿಸಿ ಅಂತ ನಾನೇ ಬರೀತೀನಿ. ಬರದಿದ್ರೆ?"

"ಬರದಿದ್ರೆ ತಲೆ ನೋಡುವ ಸರ್. ಮಹಾಸಭೆಯಲ್ಲಿ ಹಾಜರಿ ಕರೀರಿ. ಪಟ್ಟಿ ಸರಿ ಉಂಟಾ ಅಂತ ಸಭೆಯಲ್ಲಿ ನೋಡುವ ಅಧಿಕಾರ ನಿಮಗೆ ಬೈಲಾದಲ್ಲೇ ಉಂಟು. ನಮ್ಮ ನಲವತ್ತೆಂಟನ್ನೂ ಕರೀರಿ, ಈ ಅರವತ್ತೆಂಟನ್ನೂ ಕರೀರಿ. ಇದ್ದವ ಏಳ್ತಾನೆ."

ಮಹಾಸಭೆ ಅಲ್ ಗರಾಫಾದ ಒಂದು ಪಾರ್ಟಿ ಹಾಲಿನಲ್ಲಿ, ಶುಕ್ರವಾರ ಸಂಜೆ ನಾಲ್ಕಕ್ಕೆ. ಹೊರಗೆ ಡಿಸೆಂಬರಿನ ಹಿತವಾದ ಗಾಳಿ, ಒಳಗೆ ಸೂಟು, ರೇಷ್ಮೆ ಸೀರೆ, ಅತ್ತರು. ವೇದಿಕೆಯ ಹಿಂದೆ ಆಳೆತ್ತರದ ಬ್ಯಾನರು ಆಗಲೇ ಬಂದಿತ್ತು: ಧಣಿ ಕೈಮುಗಿದು ನಗುತ್ತಿದ್ದರು. ತೀರ್ಪಿಗೆ ಮೊದಲೇ ಮೆರವಣಿಗೆ ಹೊರಡಿಸುವುದು ಕೆಲವರಿಗೆ ಅಭ್ಯಾಸ. ಪೂವಕ್ಕ ಮೂರನೆಯ ಸಾಲಿನಲ್ಲಿ ಕುಳಿತು ಮೂರು ಸಲ ಬಾಗಿಲ ಕಡೆ ನೋಡಿದಳು. ಕ್ಯಾಂಪಿನಿಂದ ಯಾರೂ ಬಂದಿರಲಿಲ್ಲ. ಅಂದೂ ಅವರಿಗೆ ಓವರ್‌ಟೈಮ್ ಇತ್ತು. ಮೂರಕ್ಕೆ ಬಿಡುತ್ತಾರೆ, ಕಂಪನಿಯ ಬಸ್ಸನ್ನೇ ಕೇಳಿದ್ದೇನೆ ಎಂದು ತನಿಯ ಹೇಳಿದ್ದ. ಕೊಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

ನಾಲ್ಕೂವರೆಗೆ ಕೆನೆತ್ ತನಿಖಾ ವರದಿ ಕೈಗೆತ್ತಿಕೊಂಡ. "ನೋಡಿ, ನಾವು ಯಾರನ್ನೂ ದೂಷಿಸುವುದಿಲ್ಲ. ಆದ್ರೆ ನಲವತ್ತೆಂಟು ವೋಟು ಒಂದೇ ಕಡೆಯಿಂದ. ಬೈಲಾ ಎಂತ ಅಂತಲೂ ಅವರಿಗೆ ಗೊತ್ತಿಲ್ಲ. ಈ ಮನುಷ್ಯರು ನಿಜವಾಗ್ಲೂ ಇದ್ದಾರಾ, ಇಲ್ಲ ಬರೀ ಹೆಸರಾ? ಇಷ್ಟು ಮುಖ್ಯವಾದ ಸಭೆಗೂ ಅವರಲ್ಲಿ ಒಬ್ಬರು ಬರ್ಲಿಲ್ಲ. ಹಾಗಾಗಿ ಸಮಿತಿಯ ಶಿಫಾರಸು—"

ಹೊರಗೆ ಬಸ್ಸಿನ ಬ್ರೇಕು ಕಿರ್ರೆಂದಿತು. ಇಪ್ಪತ್ತೊಂದು ವರ್ಷ ಬಸ್ಸಿನಲ್ಲಿ ಕಳೆದವಳಿಗೆ ಆ ಸದ್ದು ಅರ್ಥವಾಗದಿರುತ್ತದೆಯೇ? ಪೂವಕ್ಕ ಎದ್ದು ಹೋಗಿ ತಾನೇ ಬಾಗಿಲು ತೆರೆದಳು. ತನಿಯ ಮುಂದೆ, ಉಳಿದವರು ಹಿಂದೆ. ಬಟ್ಟೆ ಬದಲಾಯಿಸಲು ಪುರುಸೊತ್ತಾಗಿರಲಿಲ್ಲ. ನೀಲಿ ಡ್ರೆಸ್ಸು, ಸಿಮೆಂಟು ಮೆತ್ತಿದ ಶೂ, ಕೈಯಲ್ಲಿ ಹಳದಿ ಹೆಲ್ಮೆಟ್ಟು. ಅತ್ತರಿನ ನಡುವೆ ಬೆವರಿನ ವಾಸನೆ ನಡೆದುಕೊಂಡು ಬಂತು. ಕುರ್ಚಿ ಸಾಲದೆ ಅವರು ಗೋಡೆಯುದ್ದಕ್ಕೆ ನಿಂತರು.

ವೆಂಕಟರಾಮು ಮೈಕಿನ ಹತ್ತಿರ ಬಂದರು. "ವರದಿ ಅಲ್ಲಿಗೇ ನಿಲ್ಲಿಸಿ ಕೆನೆತ್. ಪಟ್ಟಿ ಪರಿಶೀಲನೆ ನನ್ನ ಕೆಲಸ, ನಾನು ಮಾಡ್ತೀನಿ. ಹೆಸರು ಕರೀತೀನಿ, ಇದ್ದೋರು ಐಡಿ ಕಾರ್ಡು ಮೇಲೆತ್ತಿ ಉತ್ತರ ಕೊಡಿ. ಪೂವಕ್ಕನವರೂ ಯಜ್ಞೇಶ್ ಅವರೂ ಎರಡು ಕಡೆ ನಿಂತು ಮುಖ ನೋಡಿ ಟಿಕ್ ಹಾಕಲಿ. ಮೊದಲು ಕ್ಯಾಂಪಿನೋರು. ತನಿಯ!"

"ಉಲ್ಲೆ!"

ಇದ್ದೇನೆ ಎಂಬುದಕ್ಕೆ ತುಳುವಿನಲ್ಲಿ ಹಾಗೆನ್ನುತ್ತಾರೆ. ತನಿಯ ಅದನ್ನು ಹತ್ತನೆಯ ಮಹಡಿಯ ಅಟ್ಟಣಿಗೆಯಿಂದ ಕೆಳಗಿನವನನ್ನು ಕೂಗುವ ದನಿಯಲ್ಲಿ ಹೇಳಿದ. ಎರಡನೆಯವನಿಗೆ ಧೈರ್ಯ ಬಂತು, ಹತ್ತನೆಯವನಿಗೆ ಉತ್ಸಾಹ ಬಂತು. ಉಲ್ಲೆ, ಉಲ್ಲೆ, ಉಲ್ಲೆ. ಒಂದೊಂದು ಕೂಗಿಗೂ ಒಂದು ಕಾರ್ಡು ಮೇಲೆದ್ದಿತು, ಪೂವಕ್ಕನ ಕೆಂಪು ಪೆನ್ನು ಓಡಿತು. ಮೂವತ್ತು ದಾಟುವಾಗ ರೇಷ್ಮೆ ಸೀರೆಯವರು ಕೂಡ ಎಣಿಸತೊಡಗಿದ್ದರು. ನಲವತ್ತೆಂಟಕ್ಕೆ ನಲವತ್ತೆಂಟೂ ಆದಾಗ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಮುಂದಿನವರೆಗೆ ಬಂತು. ಪೂವಕ್ಕನ ಕಣ್ಣು ಮಂಜಾಯಿತು. ಅವಳು ಅದನ್ನು ಮುಚ್ಚಿಡಲಿಲ್ಲ.

"ಸರಿ," ಎಂದರು ವೆಂಕಟರಾಮು. "ಈಗ ಇನ್ನೊಂದು ಪಟ್ಟಿ. ಆರೂ ಹತ್ತಕ್ಕೇ ಬಂದು ಬಾಗಿಲು ತಟ್ಟಿದ ತನಿಯ ಇಲ್ಲೇ ಇದ್ದಾರೆ; ಇದು ಅವರ ನಂತರದೋರದ್ದು. ಮತದಾನದ ದಿನ, ಶುಕ್ರವಾರ, ಬೆಳಿಗ್ಗೆ ಏಳಕ್ಕೇ ಎದ್ದು ಒತ್ತಿ ನೋಡಿದ ಅರವತ್ತೆಂಟು ಉತ್ಸಾಹಿಗಳು."

"ಏಳಕ್ಕಾ? ಶುಕ್ರವಾರವಾ?" ಎಂದು ಸಭೆಯಲ್ಲಿ ಯಾರೋ ಹೆಂಗಸು ಜೋರಾಗಿಯೇ ಕೇಳಿದಳು. ನಗೆ ಹಬ್ಬಿತು. ಯಜ್ಞೇಶ್ ಮಾತ್ರ ನಗಲಿಲ್ಲ.

ಮೊದಲ ಹೆಸರಿಗೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ಏಳನೆಯ ಹೆಸರು "ಡಿಲನ್" ಎಂದಾಗ ಮೂಲೆಯಿಂದ ಒಬ್ಬ ಎದ್ದ. "ನಾನಿದ್ದೇನೆ ಮಾರಾಯ್ರೆ! ಉತ್ತರದ ತುದಿಯ ಅಲ್ ಶಮಾಲ್‌ನಿಂದ ಬಂದದ್ದು. ಆ ದಿನ ಗಾಳ ಹಾಕ್ಲಿಕ್ಕೆ ಸಮುದ್ರಕ್ಕೆ ಹೋಗ್ಲಿಕ್ಕಿತ್ತು, ಹಾಗೆ ಬೇಗ ಎದ್ದದ್ದು."

"ನೋಡಿ! ನೋಡಿ!" ಎಂದು ಕೆನೆತ್ ಕುಣಿದ. ಪೂವಕ್ಕ ಡಿಲನ್ ಹತ್ತಿರ ಹೋಗಿ, ಮುಖ ನೋಡಿ, ಕಾರ್ಡು ನೋಡಿ ಟಿಕ್ ಹಾಕಿದಳು. ಇದ್ದವನಿಗೆ ಇದ್ದಾನೆ ಎನ್ನಲು ಅವಳಿಗೆ ಯಾವ ಸಂಕಟವೂ ಇಲ್ಲ. ಆಮೇಲೆ ವೆಂಕಟರಾಮು ಓದುತ್ತಾ ಹೋದರು. ಇಪ್ಪತ್ತು, ಮೂವತ್ತು, ಐವತ್ತು. ಒಂದೊಂದು ಹೆಸರಿನ ನಂತರವೂ ಅವರು ಐದು ಎಣಿಸುವಷ್ಟು ಕಾಯುತ್ತಿದ್ದರು. ಹೆಸರುಗಳನ್ನು ಕೇಳಿ ಜನರಿಗೆ ನೆನಪಾಗತೊಡಗಿತು: ಇವನಿಗೆ ನಾವು ಶಾಲು ಹೊದಿಸಲಿಲ್ಲವಾ, ಇವಳ ಬೀಳ್ಕೊಡುಗೆಗೆ ಪಾಯಸ ಮಾಡಿದ್ದು ನಾನೇ ಅಲ್ಲವಾ. ಪಿಸುಮಾತು ಗದ್ದಲವಾಯಿತು. ಅರವತ್ತೇಳು ಹೆಸರಿಗೆ ಯಾರೂ ಏಳಲಿಲ್ಲ.

"ಐಡಿ ಪ್ರತಿ ಕಳಿಸಿ ಅಂತ ಎರಡು ಸಲ ಬರೆದೆ" ಎಂದರು ವೆಂಕಟರಾಮು. "ಕಳಿಸಿದ್ದು ಡಿಲನ್ ಒಬ್ಬರೇ."

ಕೆನೆತ್ ಸುಲಭಕ್ಕೆ ಬಿಡುವವನಲ್ಲ. "ಸಭೆಗೆ ಬರದಿದ್ರೆ ಕತಾರಿನಲ್ಲಿ ಇಲ್ಲ ಅಂತಲಾ? ಡ್ಯೂಟಿ ಇರಬಹುದು. ಮತ್ತೆ ದುಬೈಯಲ್ಲೇ ಇದ್ದಾರೆ ಅಂತ ಇಟ್ಕೊಳ್ಳಿ, ಅವರೂ ನಮ್ಮ ಊರಿನವರೇ ಅಲ್ವಾ? ಹೊರಗಿನವರಾ?"

ಪೂವಕ್ಕ ಮೈಕು ತೆಗೆದುಕೊಂಡಳು. "ನಮ್ಮ ಊರಿನವರೇ. ಬಂದ್ರೆ ಊಟ ಹಾಕ್ತೇನೆ. ಆದ್ರೆ ನಮ್ಮಲ್ಲಿ ಒಬ್ಬ ಸೈಟಿನಲ್ಲಿ ಬಿದ್ದು ಕಾಲು ಮುರ್ಕೊಂಡ್ರೆ ಆಸ್ಪತ್ರೆಗೆ ಓಡುವುದು ಇಲ್ಲಿದ್ದವರು. ಓಡುವವರು ಯಾರು ಬೇಕು ಅಂತ ಆರಿಸುವುದೂ ಇಲ್ಲಿದ್ದವರೇ. ಅಲ್ಲಿ ಕೂತು ಒಬ್ಬ ಧಣಿ ಹೇಳಿದ ಅಂತ ನಮ್ಮ ಮನೆಯ ಯಜಮಾನ ಬದಲಾಗುದಾ?" ಅವಳು ಯಜ್ಞೇಶನ ಕಡೆ ತಿರುಗಿದಳು. "ಯಜ್ಞೇಶಣ್ಣ, ಈ ಪಟ್ಟಿಯಲ್ಲಿ ನಿಮಗೆ ಬೇಕಾದವರಿಗೆ ಫೋನ್ ಮಾಡಿ. ವೋಟಿನ ವಿಷಯ ಕೇಳುದು ಬೇಡ. ಗಂಟೆ ಎಷ್ಟು ಅಂತ ಕೇಳಿ, ಅಷ್ಟೇ."

ಯಜ್ಞೇಶ್ ಫೋನು ತೆಗೆಯಲಿಲ್ಲ. ಹಾಲಿನ ಗೋಡೆಯ ಗಡಿಯಾರದಲ್ಲಿ ಐದೂ ಕಾಲು. ಎಲ್ಲರ ಕಣ್ಣೂ ಅದರ ಮೇಲೆ ಹೋಯಿತು.

"ಹಾಗಾದ್ರೆ ನಾನೇ ಮಾಡ್ತೇನೆ" ಎಂದಳು ಪೂವಕ್ಕ. ಊರಿಗೆ ಮಾತಾಡುವ ಆ್ಯಪಿನಲ್ಲಿ ಕೃತಿಕ್‌ನ ಹಳೆಯ ದೋಹಾ ನಂಬರು ಇತ್ತು. ಎರಡು ರಿಂಗಿಗೆ ಎತ್ತಿದ.

"ಹಾಯ್ ಆಂಟಿ! ಹೌ ಆರ್ ಯು?"

"ಮಗಾ, ನಾನು ಕೂಟದ ಸಭೆಯಲ್ಲಿದ್ದೇನೆ. ಸ್ಪೀಕರ್ ಹಾಕಿದ್ದೇನೆ, ಎಲ್ಲರಿಗೂ ಕೇಳ್ತಾ ಉಂಟು. ಬೇಡ ಅಂತಾದ್ರೆ ಈಗಲೇ ಇಡು. ಇಲ್ಲಾಂದ್ರೆ ಒಂದೇ ಪ್ರಶ್ನೆ. ಈಗ ಗಂಟೆ ಎಷ್ಟು?"

ಕೃತಿಕ್ ದಡ್ಡನಲ್ಲ, ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ಹೊಳೆಯಿತು. ಫೋನು ಇಟ್ಟುಬಿಡಬಹುದಿತ್ತು. ಆದರೆ ಎಂಟು ವರ್ಷ ದಿನಕ್ಕೆರಡು ಸಲ ಇದೇ ದನಿಗೆ 'ಇದ್ದೇನೆ ಆಂಟಿ' ಎಂದು ಉತ್ತರ ಕೊಟ್ಟ ಹುಡುಗ ಅವನು.

"ಸಿಕ್ಸ್ ಫಿಫ್ಟೀನ್, ಆಂಟಿ" ಎಂದ. ಮತ್ತೆ ಕನ್ನಡದಲ್ಲಿ, "ಆರೂ ಕಾಲು. ನಾನು ದುಬೈಯಲ್ಲಿದ್ದೇನೆ. ವೋಟು ನಾನೇ ಹಾಕಿದ್ದು. ಆಫೀಸಲ್ಲಿ ಎಲ್ಲರಿಗೂ ಹೇಳಿದ್ರು, ಏಟ್ ಶಾರ್ಪ್ ಅಂತ. ಸಾರಿ ಆಂಟಿ."

ಹಾಲಿನ ಚಾವಣಿ ಹಾರಿಹೋಗುವಂತೆ ಗದ್ದಲವೆದ್ದಿತು. ಶಿಳ್ಳೆ, ಚಪ್ಪಾಳೆ, ಗೋಡೆಗೆ ಹೆಲ್ಮೆಟ್ಟು ಬಡಿಯುವ ಸದ್ದು. ಕೆನೆತ್ ಕಾಗದಗಳನ್ನು ಜೋಡಿಸುತ್ತಾ ಜೋಡಿಸುತ್ತಾ ಕುಳಿತೇಬಿಟ್ಟ. "ಹೇಳಿದ್ದು ಒಳ್ಳೇದಾಯ್ತು ಮಗಾ" ಎಂದಳು ಪೂವಕ್ಕ ಫೋನಿಗೆ, ಆ ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಯಜ್ಞೇಶ್ ಎದ್ದು ನಿಂತ. ಜನ ಕೂಗು ನಿಲ್ಲಿಸಿದರು. "ಕೃತಿಕ್‌ನ ಕೆಲಸ ಹೋಗದ ಹಾಗೆ ನಾನು ನೋಡ್ಕೊಳ್ತೇನೆ. ಭಾವನ ಹತ್ತಿರ ಮಾತಾಡುವುದು ನನ್ನ ಜವಾಬ್ದಾರಿ" ಎಂದ ಅವನು ಮೊದಲು. ಆಮೇಲೆ, "ನನಗೆ ಗೊತ್ತೇ ಇರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ವೋಟಿನ ಚಿಂತೆ ನಿನಗೆ ಬೇಡ, ನಾನು ನೋಡ್ಕೊಳ್ತೇನೆ ಅಂತ ಭಾವ ಹೇಳಿದ್ರು. ಹೇಗೆ ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು. ಮತ್ತೆ ಚುನಾವಣೆ ಮಾಡಿ, ಈಗಲೇ ಮಾಡಿ. ಇದ್ದವರು ಹಾಕಲಿ."

ಮತ ಗುಟ್ಟಿನದ್ದಾದ್ದರಿಂದ ಯಾರದ್ದು ಯಾರಿಗೆ ಬಿತ್ತೆಂದು ನೋಡಿ ತೆಗೆದುಹಾಕುವಂತಿರಲಿಲ್ಲ. ವೆಂಕಟರಾಮು ಇಡೀ ಫಲಿತಾಂಶವನ್ನೇ ರದ್ದು ಮಾಡಿದರು. ನೀರಿನ ಬಾಟಲಿ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಮೇಜಿನ ಮೇಲಿಟ್ಟರು. ಅಲ್ಲೇ ಐಡಿ ನೋಡಿ, ಪಟ್ಟಿಯಲ್ಲಿ ಟಿಕ್ ಹಾಕಿ, ಒಂದೊಂದು ಚೀಟಿ. ಮೊದಲು ಯಾರು ಎಂಬ ಪ್ರಶ್ನೆ ಬಂದಾಗ ಡಿಲನ್ ಕೂಗಿದ: "ಆರೂ ಹತ್ತಕ್ಕೇ ಬಂದು ಬಾಗಿಲು ತಟ್ಟಿದವನಿದ್ದಾನಲ್ಲ, ಅವನೇ ಮೊದಲು!" ತನಿಯ ಸಿಮೆಂಟು ಮೆತ್ತಿದ ಶೂ ಹಾಕಿಕೊಂಡೇ, ಸೂಟಿನವರು ಬಿಟ್ಟ ದಾರಿಯಲ್ಲಿ ನಡೆದು ಹೋಗಿ ಚೀಟಿಯನ್ನು ಪೆಟ್ಟಿಗೆಯೊಳಗೆ ಇಳಿಸಿದ. ಒಳಗೆ ಬಿತ್ತೋ ಇಲ್ಲವೋ ಎಂದು ತೂತಿನಿಂದ ಒಮ್ಮೆ ಇಣುಕಿಯೂ ನೋಡಿದ.

ಪೂವಕ್ಕ ನೂರಾ ಹದಿಮೂರು ಮತಗಳಿಂದ ಗೆದ್ದಳು. ಕ್ಯಾಂಪಿನ ಮತಗಳಷ್ಟನ್ನೂ ಬದಿಗಿಟ್ಟರೂ ಗೆಲುವು ಗೆಲುವೇ. ರೇಷ್ಮೆ ಸೀರೆ, ಸೂಟುಗಳಲ್ಲೂ ಅನೇಕರು ಮನಸ್ಸು ಬದಲಾಯಿಸಿದ್ದರು. ಶಾಲು ಹೊದಿಸಲು ವೇದಿಕೆಗೆ ಕರೆದಾಗ ಅವಳು ಮೊದಲು ಆ ಬ್ಯಾನರನ್ನು ನೋಡಿದಳು. ಯಾರೂ ಹೇಳದೆಯೇ ಇಬ್ಬರು ಹೋಗಿ ಅದನ್ನು ಬಿಚ್ಚಿ ಸುತ್ತಿಟ್ಟರು. ಧಣಿ ಕೈಮುಗಿದುಕೊಂಡೇ ಸುರುಳಿಯಾದರು. ಹೊಸ ಅಧ್ಯಕ್ಷೆಯ ಮೊದಲ ಠರಾವಿಗೆ ಯಾರೂ ವಿರೋಧ ಹೇಳಲಿಲ್ಲ: ಪ್ರತಿ ವರ್ಷ ಪಟ್ಟಿ ಓದುವುದು, ಊರು ಬಿಟ್ಟವರ ಹೆಸರನ್ನು ಗೆರೆ ಎಳೆಯದೆ ಬೇರೆ ಪುಸ್ತಕಕ್ಕೆ ಬರೆದಿಡುವುದು, ಇಂಡಸ್ಟ್ರಿಯಲ್ ಏರಿಯಾದ ನಲವತ್ತೆಂಟು ಹೆಸರನ್ನು ಖಾಯಂ ಮಾಡುವುದು.

ಊಟ ಮುಗಿದಾಗ ಹೊರಗೆ ಕಂಪನಿಯ ಬಸ್ಸಿನ ಡ್ರೈವರು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಾ ಹಾರ್ನು ಒತ್ತುತ್ತಿದ್ದ. ಹೊಟ್ಟೆ ತುಂಬಿದವರು ಒಬ್ಬೊಬ್ಬರೇ ಹತ್ತಿದರು. ಬಾಗಿಲು ಮುಚ್ಚುವ ಹೊತ್ತಿಗೆ ಪೂವಕ್ಕ ಶಾಲು ಹೊದ್ದುಕೊಂಡೇ ಓಡಿ ಬಂದು ಮೆಟ್ಟಿಲು ಹತ್ತಿದಳು. ಕೈಯಲ್ಲಿ ಪಟ್ಟಿ, ಕೆಂಪು ಪೆನ್ನು.

"ಅಕ್ಕ, ಎಲ್ಲರೂ ಬಂದಿದ್ದೇವೆ. ನಾನು ಎಣಿಸಿದ್ದೇನೆ" ಎಂದ ತನಿಯ.

"ನೀನು ಎಣಿಸಿದ್ದು ನಿನಗೆ" ಎಂದಳು ಪೂವಕ್ಕ. "ತನಿಯ!"

"ಉಲ್ಲೆ!"

ಒಂದೊಂದೇ ಹೆಸರು ಕರೆದು, ಒಂದೊಂದೇ ಮುಖ ನೋಡಿ, ಅವಳು ಬಸ್ಸಿನ ಕೊನೆಯ ಸೀಟಿನವರೆಗೆ ಹೋದಳು. ನಲವತ್ತೆಂಟೂ ಸರಿ ಇತ್ತು. ಇಳಿದು ಬಂದು ಬಸ್ಸಿನ ಬದಿಗೆ ಎರಡು ಸಲ ಬಡಿದು, ಹೊರಡಪ್ಪ ಎಂದಳು.